ಹಾಳೆಯ ಪಲ್ಯ

ಸೂಕ್ಷ್ಮಾಣುಗಳ ಗುಳಿಗೆ ನುಂಗಿ ನಮಗೆಲ್ಲ ಹದಿನೈದು ವರ್ಷವಾಯಿತು. ಅಂದಿನಿಂದ ಹಸುವಿನ ಹೊಟ್ಟೆಯಂತೆ ನಮ್ಮ ಹೊಟ್ಟೆಯಲ್ಲೂ ನಾರು ಒಡೆದು ಸಕ್ಕರೆಯಾಗುತ್ತದೆ. ಕಾಗದ ನೆನೆಹಾಕಿ ಒಗ್ಗರಣೆ ಕೊಡದ ಮನೆ ಧಾರವಾಡದಲ್ಲಿಲ್ಲ.

ಇವತ್ತು ಸಂಜೆ ನನ್ನ ಗಂಡ ಶೇಷಗಿರಿರಾಯರು ಸಭೆಯಲ್ಲಿ ಬೀಸುಕಲ್ಲಿನ ಹಾಡುಗಳನ್ನು ಓದುವವರಿದ್ದರು. ಹನ್ನೆರಡು ವರ್ಷ ಊರೂರು ಅಲೆದು, ಮುದುಕಿಯರ ಜೊತೆ ಬೀಸುತ್ತ ಕಲಿತು, ಅವನ್ನು ಬರೆದಿಟ್ಟವಳು ನಾನು. ಮೊದಲ ಹಾಳೆಯಲ್ಲಿ ತಮ್ಮ ಹೆಸರು ಬರೆದುಕೊಂಡದ್ದಷ್ಟೇ ಅವರ ಕೆಲಸ.

ಮಧ್ಯಾಹ್ನ ಊಟಕ್ಕೆ ಕೂತರು. ಶಾಯಿಯ ಒಗರು ಹೋಗಲೆಂದು ಹುಣಸೆ ಮುಂದಾಗಿ ಹಾಕಿದ್ದೆ.

"ಪಲ್ಯ ಭಾಳ ಛೊಲೊ ಆಗೇದ, ತುಂಗಾ. ಯಾವ ಕಾಗದದ್ದು?"

"ಹಳೇದ್ರಿ. ಕೈಲೆ ಬರದಿದ್ದು."

"ಅದಕ್ಕ ಈ ರುಚಿ. ಇನ್ನಷ್ಟು ಹಾಕು."

ಪಾತ್ರೆ ಖಾಲಿಯಾಗುವವರೆಗೂ ಹಾಕಿದೆ.

ಕೈ ತೊಳೆದು ಬಂದವರು ಕಪಾಟು ತೆರೆದರು. "ನನ್ನ ಹಾಡಿನ ಹಾಳಿ ಎಲ್ಲಿ ಅವ?"

"ಈಗ ಉಂಡ್ರಲ್ಲಾ. ಹಾಡು ನನಗ ಬಾಯಿಪಾಠ ಅವ, ಸಭಾದಾಗ ನಾನ ಹೇಳ್ತೀನಿ."

ಬೇಯಿಸದೆ ಉಳಿಸಿದ್ದ ಮೊದಲ ಹಾಳೆಯನ್ನು ಅವರ ಕೈಗಿಟ್ಟೆ.

"ನಿಮ್ಮ ಹೆಸರಿನ ಹಾಳಿ ಇದು. ನೀವು ಇದನ್ನ ಓದ್ರಿ."