ಅಂಗೈಗೆ ಬಂದ ಟೆಂಡರು

ಸರ್ಕಾರಕ್ಕೆ ಏನಾದರೂ ಬೇಕಾದರೆ, ನೋಂದಾಯಿತ ಮಾರಾಟಗಾರರ ಬಲ ಅಂಗೈಯಲ್ಲಿ ಟೆಂಡರಿನ ಅಕ್ಷರಗಳು ಮೂಡುತ್ತಿದ್ದವು. ತೆಂಗಿನ ನಾರಿನ ಹಗ್ಗ ಹೊಸೆಯುವ ಮರುಳಮ್ಮನೂ ಹೆಸರು ನೋಂದಾಯಿಸಿದ್ದಳು. ಆದರೆ ಅವಳ ಅಂಗೈ ಜಡ್ಡುಗಟ್ಟಿತ್ತು. ಜಡ್ಡಿನ ಮೇಲೆ ಅಕ್ಷರ ಏಳುವುದಿಲ್ಲ. ಹಗ್ಗದ ಟೆಂಡರೆಲ್ಲ ದಲ್ಲಾಳಿ ರೇಣುಕಪ್ಪನ ಮೆತ್ತನೆಯ ಕೈಗೇ ಬರುತ್ತಿತ್ತು. ಅವನು ಅವಳ ಹಗ್ಗವನ್ನೇ ಅಗ್ಗಕ್ಕೆ ಕೊಂಡು ಸರ್ಕಾರಕ್ಕೆ ಮಾರುತ್ತಿದ್ದ.

ಒಮ್ಮೆಯಾದರೂ ತನ್ನ ಹೆಸರಲ್ಲೇ ಮಾರಬೇಕೆಂದು ಮರುಳಮ್ಮ ಹಟ ಹಿಡಿದಳು. ತಿಂಗಳಿಡೀ ನಾರು ಮುಟ್ಟದೆ, ಅಂಗೈಗೆ ಹರಳೆಣ್ಣೆ ಸವರಿಕೊಂಡು ಕೂತಳು.

"ಮದುವಣಗಿತ್ತಿ ಹಂಗೆ ಕೂತವ್ಳೆ. ಗಂಜಿಗೆ ಬದ್ಲು ನಿನ್ನ ಅಂಗೈ ನೆಕ್ಕನಾ?" ಎಂದಳು ಅತ್ತೆ.

ಜಡ್ಡು ಸುಲಿದುಹೋಗಿ, ಎಳೆ ಚರ್ಮದ ಮೇಲೆ ಒಂದು ಬೆಳಿಗ್ಗೆ ಕೆಂಪಗೆ ಅಕ್ಷರಗಳೆದ್ದವು: ನೀರಾವರಿ ಇಲಾಖೆಗೆ ಹಗ್ಗ ಬೇಕಾಗಿದೆ. ಅತ್ತೆಯೇ ಆ ಕೈಗೆ ಮಡಿ ಬಟ್ಟೆ ಸುತ್ತಿ ಕಳಿಸಿದಳು.

ಕಚೇರಿಯಲ್ಲಿ ಅವಳು ಅಂಗೈ ಚಾಚಿದಾಗ ಅಧಿಕಾರಿ ತಲೆ ಎತ್ತಲಿಲ್ಲ.

"ಅದು ಆಮೇಲೆ. ತಯಾರಕಿ ಅಂತ ಬರೆಸಿದೀಯ, ಮೊದಲು ನನ್ನೆದುರು ಒಂದು ಮಾರುದ್ದ ಹಗ್ಗ ಹೊಸೆದು ತೋರಿಸು."

"ಮೊದ್ಲು ಕೈ ನೋಡ್ಬಿಡಿ ಸಾ. ಹೊಸೆದ್ರೆ ಅಳಿಸೋಯ್ತದೆ."

"ಕ್ರಮ ಅಂತ ಒಂದಿದೆ ಕಣಮ್ಮ. ಆಗಲ್ಲ ಅಂದ್ರೆ ಹೇಳು, ಮುಂದಿನವರನ್ನ ಕರೀತೀನಿ."

ಸಾಲಿನಲ್ಲಿ ಅವಳ ನಂತರ ಇದ್ದವನು ರೇಣುಕಪ್ಪ. ವ್ಯಾಪಾರಿ ಎಂದು ಬರೆಸಿದ್ದರಿಂದ ಅವನು ಏನನ್ನೂ ಹೊಸೆಯಬೇಕಾಗಿರಲಿಲ್ಲ.

ಮರುಳಮ್ಮ ನೆಲದ ಮೇಲೆ ಕೂತು, ಅಲ್ಲೇ ಕೊಟ್ಟ ನಾರು ನೆನೆಸಿ ಹೊಸೆದಳು. ಎಳೆ ಚರ್ಮ ಕಿತ್ತುಬಂತು. ಅಧಿಕಾರಿ ಹಗ್ಗವನ್ನು ಜಗ್ಗಿ ನೋಡಿ ಮೆಚ್ಚಿಕೊಂಡ.

"ಗಟ್ಟಿಯಾಗಿದೆ. ಎಲ್ಲಿ, ಈಗ ಅಂಗೈ ತೋರಿಸು."

ಅವಳು ಮುಷ್ಟಿ ಬಿಚ್ಚಲಿಲ್ಲ.