ಬುಟ್ಟಿಗೆ ಬಿದ್ದ ಓಟು

ಸಂಘದ ಕಾರ್ಯದರ್ಶಿ ಶಾಹಿಸ್ತಾ ಓಟಿನ ಮಡಕೆಯನ್ನು ಮೇಜಿನ ಮೇಲೆ ಸುರಿದದ್ದೇ ತಡ, ತಿಪ್ಪವ್ವನ ಕೈ ತಾನಾಗಿಯೇ ಮುಂದೆ ಹೋಯಿತು. ಹಳದಿ ದ್ರಾಕ್ಷಿಗಳ ನಡುವಿದ್ದ ಕರಿಯವನ್ನೆಲ್ಲ ಪಟಪಟನೆ ಆರಿಸಿ ಕಾಲ ಬಳಿಯ ಕಸದ ಬುಟ್ಟಿಗೆ ಎಸೆದುಬಿಟ್ಟಳು.

"ಆಯಿ, ಅವು ಓಟು!" ಶಾಹಿಸ್ತಾ ಕೂಗಿದಳು.

ತಿಕೋಟಾದ ಆ ಶೆಡ್ಡಿನಲ್ಲಿ ಒಣದ್ರಾಕ್ಷಿಯಿಂದ ಕರಿಯದನ್ನು ಆರಿಸಿ ಎಸೆಯುವುದೇ ಕೆಲಸವಾಗಿದ್ದ ಹೆಂಗಸರೆಲ್ಲ ನಕ್ಕರು. ಮಾಲೀಕರ ಜೊತೆಗಿನ ಕರಾರನ್ನು ಅವರ ಹೊಸ ಷರತ್ತಿನಂತೆ ಇನ್ನೊಂದು ವರ್ಷ ಮುಂದುವರಿಸಲು ಒಪ್ಪಿದವರು ಹಳದಿ, ಒಪ್ಪದವರು ಕರಿ ದ್ರಾಕ್ಷಿ ಹಾಕಬೇಕಿತ್ತು. ಒಪ್ಪಿದರೆ ಪಗಾರ ಹೆಚ್ಚುತ್ತದೆ. ಆದರೆ ಅರವತ್ತು ದಾಟಿದವರಿಗೆ ಕೆಲಸವಿಲ್ಲ. ಅಲ್ಲಿ ಅರವತ್ತು ದಾಟಿದವಳು ತಿಪ್ಪವ್ವ ಒಬ್ಬಳೇ. ಬುಟ್ಟಿಯಲ್ಲಿ ಬೆಳಗಿನಿಂದ ಎಸೆದ ಕರಿ ದ್ರಾಕ್ಷಿಯೇ ತುಂಬಿತ್ತು. ಅದರಲ್ಲಿ ಓಟು ಯಾವುದು, ಕಸ ಯಾವುದು ಎಂದು ಹೇಳುವವರಿರಲಿಲ್ಲ.

"ಕೈಗೆ ಅದೇ ರೂಢಿ ಆಗೇತಿ ಯವ್ವಾ," ಎಂದು ತಿಪ್ಪವ್ವ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಳು. "ಹೋಗ್ಲಿ ಬಿಡ್ರಿ. ನಿಮಗರ ಪಗಾರ ಹೆಚ್ಚಾಗ್ಲಿ."

ನಗು ನಿಂತಿತು. ಹಳದಿ ಹಾಕಿದ್ದ ದಾವಲಬಿ ಮೇಜಿನ ಬಳಿ ಬಂದು, ರಾಶಿಯಿಂದ ಒಂದು ಹಳದಿ ದ್ರಾಕ್ಷಿ ಎತ್ತಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಬಗ್ಗಿ ಬುಟ್ಟಿಯೊಳಗಿಂದ ಒಂದು ಕರಿಯದನ್ನು ತೆಗೆದು, ಧೂಳು ಊದಿ, ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟಳು.

"ಇದು ನಂದು. ಈಗ ಎಣಸ್ರಿ."