ನಿಂತಾಗ ನಡುಗುವ ಗಾಡಿ

ಮತ್ತೆ ಅದೇ ಪೈಪು.

ಡಾಕ್ಟರಮ್ಮ ಟಾರ್ಚನ್ನು ಇನ್ನಷ್ಟು ಒಳಗೆ ಬಗ್ಗಿಸಿದಳು. ಎಂಜಿನ್ನಿನ ಬೆನ್ನ ಹಿಂದಿನ ಕಿರುಬೆರಳು ದಪ್ಪದ ರಬ್ಬರ್ ಪೈಪು ಮೂರನೇ ಸಲ ತನ್ನ ಜಾಗ ಬಿಟ್ಟು ಜೋತುಬಿದ್ದಿತ್ತು. ಕಳೆದ ಸಲ ತಾನೇ ಹಾಕಿದ್ದ ಕ್ಲಿಪ್ಪು ಪಕ್ಕದಲ್ಲೇ ಇತ್ತು, ಒಂದು ಗೀರೂ ಇಲ್ಲದೆ. ಸುತ್ತಲಿನ ಧೂಳಿನಲ್ಲಿ ಬೆರಳು ಓಡಾಡಿದ ಗುರುತು. ಪೈಪಿಗೆ ಕೈಕಾಲು ಬರುವುದಿಲ್ಲ. ಯಾರೋ ಬಿಚ್ಚಿದ್ದಾರೆ.

ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಎಂಜಿನ್ನಿನ ಎದೆಬಡಿತ ಕೇಳುತ್ತಾಳೆಂದು ಗಿರಾಕಿಗಳು ಇಟ್ಟ ಹೆಸರು ಡಾಕ್ಟರಮ್ಮ. ಗ್ಯಾರೇಜು ಅವಳದೇ. ಈ ಗಾಡಿಯ ರೋಗವಂತೂ ಈಗ ಬಾಯಿಪಾಠ. ಪೈಪು ಬಿಚ್ಚಿದರೆ ಎಂಜಿನ್ನಿಗೆ ಕಳ್ಳಗಾಳಿ ನುಗ್ಗುತ್ತದೆ. ಓಡುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಂತರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ ಆಫಾಗುತ್ತದೆ.

ಬಿಚ್ಚಿದವರು ಯಾರೆಂಬ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ.

"ಏನಂತೆ?" ಆಫೀಸು ಕೋಣೆಯ ಕುರ್ಚಿಯಿಂದ ಗಾಡಿಯ ಯಜಮಾನ ಕೇಳಿದ. ಇಸ್ತ್ರಿ ಅಂಗಿ, ಮೆತ್ತಗಿನ ಮಾತು.

"ನೋಡ್ತಿದೀನಿ ಸಾರ್."

ಗಾಡಿ ಓಡಿಸುವವಳು ಅವನ ಹೆಂಡತಿ. ಬೆಳಿಗ್ಗೆ ಅವನನ್ನು ಕೆಲಸಕ್ಕೆ ಬಿಡಬೇಕು, ಸಂಜೆ ಕರೆತರಬೇಕು. ನಡುವೆ ಎಲ್ಲಿಗೂ ಇಲ್ಲ. ಎರಡು ಹೊತ್ತೂ ಅವನು ಮೀಟರು ನೋಡುತ್ತಾನೆ. "ಪೆಟ್ರೋಲ್ ವಿಷಯದಲ್ಲಿ ನಾನು ಸ್ವಲ್ಪ ಸ್ಟ್ರಿಕ್ಟು" ಎಂದು ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದ. ಆಕೆಯನ್ನು ಏನು ಕೇಳಿದರೂ ಉತ್ತರ ಅವನದು. ತವರು ಎಲ್ಲಿ ಎಂದು ಡಾಕ್ಟರಮ್ಮ ಒಮ್ಮೆ ಸುಮ್ಮನೆ ಮಾತಿಗೆ ಕೇಳಿದ್ದಳು. "ಅದೆಲ್ಲ ಮುಗಿದ ಕಥೆ ಬಿಡಿ" ಎಂದಿದ್ದ.

ಆದರೆ ಗ್ಯಾರೇಜಿಗೂ ಒಂದು ಕಟ್ಟಳೆ ಇತ್ತು. ಬಾನೆಟ್ ತೆಗೆಯುವ ಮೊದಲೊಮ್ಮೆ, ಮುಚ್ಚಿದ ಮೇಲೊಮ್ಮೆ, ದಿನಾ ಓಡಿಸುವವರೇ ಒಂದು ಸುತ್ತು ಹಾಕಬೇಕು. ಡಾಕ್ಟರಮ್ಮ ಪಕ್ಕದಲ್ಲಿ ಕೂತು ಕೇಳುತ್ತಾಳೆ. ಹೆಂಗಸಿನ ಜೊತೆ ತಾನೇ ಎಂದು ಗಂಡ ಒಪ್ಪಿದ್ದ. ಒಪ್ಪಿದರೂ ಆಕೆಯ ಫೋನಿಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿಸಿ, ಲೈನು ಕಟ್ ಮಾಡಬಾರದೆಂದು ಹೇಳಿ ಕಳಿಸುತ್ತಿದ್ದ. "ಸೌಂಡು ನಂಗೂ ಕೇಳ್ಲಿ."

ಹಾಗಾಗಿ ಕಾರಿನಲ್ಲಿ ಇಬ್ಬರೇ ಇದ್ದರೂ ಮೂವರು ಇದ್ದಂತೆ. ಅಷ್ಟು ಹೊತ್ತಿಗೇ ಡಾಕ್ಟರಮ್ಮನಿಗೆ ಉಸಿರು ಕಟ್ಟುತ್ತಿತ್ತು. ದಿನಬೆಳಗಾದರೆ ಅದರಲ್ಲೇ ಬದುಕುವವಳ ಗತಿ ಏನು?

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಂದುಕೊಂಡಳು. ಸಿಗ್ನಲ್ಲಿಗೊಮ್ಮೆ ಸಾಯುವ ಗಾಡಿ ಹತ್ತಿ ಯಾವ ಹೆಂಗಸು ದೂರ ಹೋದಾಳು? ಹೆಂಡತಿಯನ್ನು ಒಳಗಿಟ್ಟು ಮನೆಗೆ ಬೀಗ ಹಾಕಿದ ಅಪವಾದವೂ ಗಂಡನಿಗೆ ಬರುವುದಿಲ್ಲ. ಪೈಪು ಎಲ್ಲಿದೆ, ಹೇಗೆ ಕಳಚುತ್ತದೆ ಎಂದು ಮೊದಲ ಸಲ ಗಂಡ ಹೆಂಡಿರಿಬ್ಬರನ್ನೂ ಕರೆದು ತೋರಿಸಿದ್ದು ತಾನೇ ಅಲ್ಲವೇ? ಕಳ್ಳನ ಕೈಗೆ ಕೀಲಿಕೈ ಕೊಟ್ಟಂತಾಯಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಇವತ್ತಲ್ಲ ನಾಳೆ ಆಕೆ ಮನಸ್ಸು ಮಾಡಿ ಹೊರಟ ದಿನ ಈ ಗಾಡಿ ಕೈಕೊಡಬಾರದು. ಅಷ್ಟು ಮಾಡಿಕೊಡುವುದು ತನ್ನ ಕೈಲಿದೆ.

ಹೆಂಡತಿಯನ್ನು ಬಾನೆಟ್ಟಿನ ಹತ್ತಿರ ಕರೆದಳು. ಕೇಬಲ್ ಎಳೆದು ಎಂಜಿನ್ನು ಅರಚುವಂತೆ ಮಾಡಿ, ಆ ಗದ್ದಲದಲ್ಲಿ ಕಿವಿಯ ಹತ್ತಿರ ಹೇಳಿದಳು.

"ಇದು ತಾನಾಗೇ ಬಿಚ್ಕೊಳ್ತಿಲ್ಲಮ್ಮ. ಯಾರು ಬಿಚ್ತಿರೋದು ಅಂತ ನಂಗೊತ್ತು."

ಆಕೆಯ ಮುಖ ಬಿಳಿಚಿಕೊಂಡಿತು. "ಅವರಿಗೆ ಹೇಳ್ಬೇಡಿ ಅಕ್ಕ. ನಿಮಗೆ ಕೈಮುಗೀತೀನಿ."

"ಹೇಳಲ್ಲ. ಆದ್ರೆ ಇನ್ಮೇಲೆ ಯಾರೂ ಬಿಚ್ಚಬಾರದು, ಹಂಗೆ ಮಾಡ್ತೀನಿ. ಸ್ಟೀಲ್ ಪಟ್ಟಿ ಹಾಕ್ತೀನಿ, ಕತ್ತರಿಸಿದ್ರೇನೇ ಬರೋದು."

"ಬೇಡ ಅಕ್ಕ! ಮೊದಲಿನ ಥರಾನೇ ಇರ್ಲಿ, ನಿಮಗೆ..."

"ಏನು ಗುಸುಗುಸು?" ಗಂಡ ಬೆನ್ನ ಹಿಂದೆ ನಿಂತಿದ್ದ.

ಆಕೆ ಪಕ್ಕಕ್ಕೆ ಸರಿದಳು. ಹೆದರಿದವರು ಬೇಡ ಎಂದೇ ಅನ್ನುತ್ತಾರೆ, ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಬಾರದು. ಡಾಕ್ಟರಮ್ಮ ಅವನ ಕಣ್ಣೆದುರೇ ಪಟ್ಟಿ ಬಿಗಿದಳು. ಎಂಜಿನ್ನು ಹಾಲು ಕುಡಿದು ಮಲಗಿದ ಮಗುವಿನಂತೆ ಸುಮ್ಮನಾಯಿತು.

ಕೊನೆಯ ಸುತ್ತು. ನಿಂತಾಗ ಹೇಗಿದೆ ಎಂದು ನೋಡಬೇಕಲ್ಲ, ಆಕೆ ಪ್ರತಿ ಸಲದಂತೆ ಹಿಂದಿನ ಬೀದಿಯ ಮರದಡಿ ನಿಲ್ಲಿಸಿದಳು. ನೆರಳಿದೆ ಅನ್ನುತ್ತಿದ್ದಳು. ಬೀದಿಯಲ್ಲಿ ಗದ್ದಲವಿಲ್ಲ, ರಸ್ತೆಯೂ ಸಮ, ಡಾಕ್ಟರಮ್ಮನಿಗೂ ಅನುಕೂಲವೇ. ಎದುರಿನ ನೀಲಿ ಗೇಟಿನ ಮನೆಗೆ ಈ ವರ್ಷ ಒಬ್ಬ ಅಜ್ಜಿ ಬಾಡಿಗೆಗೆ ಬಂದಿದ್ದಳು. ಒಂಟಿ ಜೀವ, ಬಂದುಹೋಗುವವರಿಗೆಲ್ಲ ಕೈಬೀಸುತ್ತದೇನೋ. ಡಾಕ್ಟರಮ್ಮನೂ ಬೀಸುತ್ತಿದ್ದಳು. ಇವತ್ತು ಅಜ್ಜಿ ಗೋಡೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಹೊತ್ತಾಯಿತು.

"ಒಂದು ಚೂರೂ ಅಲುಗಾಟ ಇಲ್ಲ. ಹೊರಡಿ" ಎಂದಳು ಡಾಕ್ಟರಮ್ಮ.

"ಇನ್ನೊಂದು ನಿಮಿಷ ಕೇಳಿ ನೋಡೋಣ ಅಕ್ಕ."

"ಸೌಂಡೇ ಬರ್ತಿಲ್ವಲ್ಲ," ಫೋನು ಹೇಳಿತು. "ಸರಿಹೋಯ್ತು ತಾನೇ? ವಾಪಸ್ ಬನ್ನಿ."

ಆಕೆಯ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಹೋಗಮ್ಮ, ಎಲ್ಲಿಗೆ ಬೇಕಾದರೂ ಹೋಗು ಎಂದು ಮನಸ್ಸಿನಲ್ಲೇ ಹೇಳಿ ಡಾಕ್ಟರಮ್ಮ ಆಕೆಯ ಕೈ ಅದುಮಿದಳು.

ಆ ಗಾಡಿ ಮತ್ತೆ ಬರಲಿಲ್ಲ. ಹೋದ ಗಾಡಿ ವಾಪಸು ಬಾರದಿರುವುದಕ್ಕಿಂತ ದೊಡ್ಡ ಸರ್ಟಿಫಿಕೇಟು ಮೆಕ್ಯಾನಿಕ್ಕಿಗೆ ಯಾವುದಿದೆ? ಇಷ್ಟರಲ್ಲಿ ಆಕೆ ಎಲ್ಲೋ ದೂರ ಹೋಗಿ ನೆಮ್ಮದಿಯಾಗಿರಬಹುದು ಎಂದು ನೆನೆದಾಗಲೆಲ್ಲ ಡಾಕ್ಟರಮ್ಮನಿಗೆ ಖುಷಿಯಾಗುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ, ಯಾರದೋ ಕಾರು ಪರೀಕ್ಷೆ ಮಾಡುತ್ತ ಒಬ್ಬಳೇ ಬಂದು ಅದೇ ಮರದಡಿ ನಿಲ್ಲಿಸಿದಳು. ನೀಲಿ ಗೇಟು ತೆರೆಯಿತು. ಅಜ್ಜಿ ಕೋಲೂರಿಕೊಂಡು ರಸ್ತೆ ದಾಟಿ ಬಂದಳು. ಕಿಟಕಿಗೆ ಬಗ್ಗಿ ಮುಂದಿನ ಸೀಟು ನೋಡಿದಳು, ಹಿಂದಿನ ಸೀಟು ನೋಡಿದಳು.

"ನನ್ನ ಮಗಳ ಗಾಡಿ ಮತ್ತೆ ಕೆಡಲೇ ಇಲ್ವೇನಮ್ಮ?"